ದೇವರಗುಡ್ಡದ ಕಾರ್ಣಿಕಕ್ಕೆ ಹೋದ್ರೆ ಉಳಿಯೋದೆಲ್ಲಿ?

ದಸರಾಕ್ಕೆ ದೇವರಗುಡ್ಡಕ್ಕೆ ಹೊರಟಿದ್ದೀರಾ?
ರಾತ್ರಿ ಉಳಿಯೋದು ಗುಡ್ಡದಲ್ಲೋ, ರಾಣೆಬೆನ್ನೂರಿನಲ್ಲೋ?

ಆಯುಧಪೂಜೆ ದಿನ ಇಲ್ಲಿ ಮಾಲತೇಶ ಸ್ವಾಮಿಯ ಕಾರ್ಣಿಕ, ಅಂದ್ರೆ ಭವಿಷ್ಯವಾಣಿ.
ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂತಾರೆ.
ಅಷ್ಟು ಜನ, ಒಂದು ಸದ್ದಿಲ್ಲ!
ಒಂದೇ ಮಾತು ನುಡಿದು, ಮೇಲಿಂದ ಕೈಬಿಡ್ತಾರೆ.
ಕೆಳಗಿದ್ದೋರು ಹಿಡ್ಕೋತಾರೆ.
ಆಮೇಲೆ ಶುರು ನೋಡಿ, ಆ ಮಾತು ಯಾವುದರ ಬಗ್ಗೆ ಅನ್ನೋ ಚರ್ಚೆ.
ಮಳೆಯೋ? ಬೆಳೆಯೋ? ರಾಜಕೀಯವೋ?

ಅವತ್ತು ಗುಡ್ಡದಲ್ಲಿ ರೂಮ್ ಹುಡುಕೋದಂದ್ರೆ,
ಸುಗ್ಗಿಯ ಸೋಮವಾರ
ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ
ಲಾರಿ ನಿಲ್ಲಿಸೋಕೆ ಜಾಗ ಹುಡುಕಿದಂಗೆ.

ಮಕ್ಕಳು, ವಯಸ್ಸಾದೋರು ಜೊತೆಗಿದ್ರೆ
ರಾಣೆಬೆನ್ನೂರಿನ ಲಾಡ್ಜೇ ವಾಸಿ.
ಹೆದ್ದಾರಿ ಊರು;
ಬಸ್ಸು, ಊಟ, ಔಷಧಿ ಅಂಗಡಿ ಎಲ್ಲಾ ಇವೆ.

ಡೊಳ್ಳು, ಭಂಡಾರ, ಏಳುಕೋಟಿ ಕೂಗು
ರಾತ್ರಿಯಿಡೀ ಬೇಕಾ?
ಚಾದರ ಕಟ್ಕೊಂಡು ಗುಡ್ಡಕ್ಕೇ ಬನ್ನಿ.
ನಿದ್ದೆ ಮಾತ್ರ ಕೇಳಬೇಡಿ!

ಲಾಡ್ಜ್ ಅಂತ ನಿರ್ಧಾರ ಮಾಡಿದ್ರೆ,
ಹಬ್ಬಕ್ಕೆ ಮುಂಚೆಯೇ ಫೋನ್ ಮಾಡಿ ರೂಮ್ ಹಿಡೀರಿ.