ಜಲ್ಲಿ ತೆಗೆದ ಮೇಲೆ ಚಿಗುರಿದ ಮೇಪಲ್

ಕುಂಡವನ್ನು ಮಗ್ಗುಲಾಗಿ ಮಲಗಿಸಿ ಅಂಚಿಗೆ ಅಂಗೈಯಿಂದ ನಾಲ್ಕು ಏಟು ಕೊಟ್ಟಾಗ ಗಿಡ ಬುಡಸಮೇತ ಜಾರಿ ಹೊರಬಂತು. ಮಣ್ಣು ಕಾಣುವುದೇ ಅಪರೂಪ ಎನ್ನುವಷ್ಟು ಬೇರು. ಕುಂಡದ ಗೋಡೆಗುಂಟ ಸುತ್ತಿ ಸುತ್ತಿ ಒಂದನ್ನೊಂದು ಬಿಗಿದುಕೊಂಡಿದ್ದವು. ತಳದ ನಾಲ್ಕು ಬೆರಳಿನಷ್ಟು ಭಾಗ ಮಾತ್ರ ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಕಳಚಿ ಬರುವಂತಿತ್ತು. ಕೆಟ್ಟ ವಾಸನೆ ಬೇರೆ. ಅದಕ್ಕೂ ಕೆಳಗೆ, ಅಚ್ಚುಕಟ್ಟಾಗಿ ಹರಡಿದ ಒಂದು ಪದರ ಜಲ್ಲಿ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ನ ಕನ್ನಡಿಗರೊಬ್ಬರ ಹಿತ್ತಿಲಲ್ಲಿ, ಮೊಗ್ಗುಗಳು ಆಗಷ್ಟೇ ಉಬ್ಬುತ್ತಿದ್ದ ಮಾರ್ಚ್ ತಿಂಗಳ ಬೆಳಿಗ್ಗೆ ನಡೆದ ಕೆಲಸವಿದು. ಮನೆಯ ಹಿರಿಯಾಕೆ ಸಾಗರದ ಕಡೆಯವರು, ಅಡಿಕೆ ತೋಟದಲ್ಲೇ ಆಯುಷ್ಯ ಕಳೆದವರು. ಬಗ್ಗಿ ಬೇರು ಮೂಸಿ ನೋಡಿ ಮಗನಿಗೆ ಹೇಳಿದರು: “ಅಪಿ, ಇದಕ್ಕೆ ಬಸಿಗಾಲುವೆನೇ ಇಲ್ವಲ್ಲೋ.” ಅಷ್ಟು ದಿನ ಎಲೆ ನೋಡಿ ಚಿಕಿತ್ಸೆ ಹುಡುಕುತ್ತಿದ್ದವರೆಲ್ಲ ಆಗ ಬುಡದ ಕಡೆ ತಿರುಗಿದರು.

ಗಿಡ ಸಾಂಗೊ ಕಾಕು ತಳಿಯ ಜಪಾನೀ ಮೇಪಲ್. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಇದರ ಎಳೆಯ ರೆಂಬೆಗಳು ಹವಳದ ಕೆಂಪಿಗೆ ತಿರುಗುತ್ತವೆ. ಒರೆಗಾನ್‌ನ ಬೂದು ಬಣ್ಣದ ಜನವರಿಯಲ್ಲಿ ಆ ಕೆಂಪನ್ನು ಒಮ್ಮೆ ಕಂಡವರು ಗಿಡ ಕೊಳ್ಳದೆ ಬರುವುದು ಕಷ್ಟ.

ಕಷ್ಟ ಶುರುವಾದದ್ದು 2021ರ ಜೂನ್‌ನಲ್ಲಿ. ಅಲ್ಲಿಯವರೆಗೆ 107 ಡಿಗ್ರಿ ಫ್ಯಾರನ್‌ಹೀಟ್ ದಾಟದಿದ್ದ ಪೋರ್ಟ್‌ಲ್ಯಾಂಡ್‌ನಲ್ಲಿ ಸತತ ಮೂರು ದಿನ 108, 112, 116 ಡಿಗ್ರಿ ದಾಖಲಾಯಿತು. ಕೊನೆಯದು ನಮ್ಮ ಲೆಕ್ಕದಲ್ಲಿ 46.7 ಡಿಗ್ರಿ ಸೆಲ್ಸಿಯಸ್. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಸ್ವಭಾವದ ಮೇಪಲ್‌ಗೆ ಎಲೆ ಬಲು ತೆಳು. ಪಶ್ಚಿಮಕ್ಕೆ ಮುಖ ಮಾಡಿದ್ದ ಜಗಲಿಯ ಮೇಲೆ, ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿದ್ದ ಈ ಗಿಡದ ಎಲೆಗಳು ಗರಿಗರಿಯಾಗಿ ಒಣಗಿದವು. ಮನೆಯವರು ಗಾಬರಿಯಿಂದ ನೀರು ಹೊಯ್ದರು, ಗೊಬ್ಬರವನ್ನೂ ಹಾಕಿದರು.

ಎಲೆ ಸುಟ್ಟಿತೆಂದ ಮಾತ್ರಕ್ಕೆ ಮೇಪಲ್ ಸಾಯುವುದಿಲ್ಲ. ಕಾಂಡ ಮತ್ತು ಬೇರಿನಲ್ಲಿ ಪಿಷ್ಟದ ದಾಸ್ತಾನಿರುತ್ತದೆ. ಅದನ್ನು ಖರ್ಚು ಮಾಡಿ ಮತ್ತೆ ಚಿಗುರುತ್ತದೆ. ಈ ಗಿಡವೂ ಆಗಸ್ಟ್‌ನಲ್ಲಿ ಚಿಗುರಿತ್ತು. ಆದರೆ ಎಲೆ ಕಳೆದುಕೊಂಡ ಗಿಡ ಕುಡಿಯುವ ನೀರು ತೀರಾ ಕಡಿಮೆ. ಹೊಯ್ದದ್ದೆಲ್ಲ ಕುಂಡದಲ್ಲೇ ನಿಂತಿತು. ಮೇಲೆ ಒರೆಗಾನ್‌ನ ಚಳಿಗಾಲದ ಜಿಟಿಜಿಟಿ ಮಳೆ. ಮುಂದಿನ ವಸಂತಗಳಲ್ಲಿ ಎಲೆ ಸಣ್ಣದಾಗುತ್ತ, ತುದಿಗಳು ಒಣಗುತ್ತ ಬಂದವು. ಗೊಬ್ಬರದ ಉಪ್ಪಂತೂ ಸೋತ ಬೇರು ನೀರೆಳೆಯುವುದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ. ಬಾಡಿದ ಗಿಡಕ್ಕೆ ಮೊದಲು ಗೊಬ್ಬರ ಹಾಕುವ ಅಭ್ಯಾಸ ಎಲ್ಲ ಕಡೆಯೂ ಇದೆ. ಅದನ್ನು ಬಿಟ್ಟರೆ ಎಷ್ಟೋ ಗಿಡಗಳು ಉಳಿದಾವು.

ಇನ್ನು ಜಲ್ಲಿಯ ವಿಚಾರ. ಕುಂಡದ ತಳಕ್ಕೆ ಹೆಂಚಿನ ಚೂರು, ಜಲ್ಲಿ ಹಾಕಿದರೆ ನೀರು ಸರಾಗ ಇಳಿಯುತ್ತದೆ ಎಂದು ಸಾಗರದಲ್ಲೂ ಹೇಳುತ್ತಾರೆ, ಬೀವರ್ಟನ್‌ನಲ್ಲೂ ಹೇಳುತ್ತಾರೆ. ಆಗುವುದು ಇದಕ್ಕೆ ತಿರುಗುಮುರುಗು. ನುಣುಪು ಮಣ್ಣು ತನ್ನ ಸಣ್ಣ ಸಂದುಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗೆ ದೊಡ್ಡ ಸಂದುಗಳ ಜಲ್ಲಿ ಸಿಕ್ಕರೆ, ತಾನು ಪೂರ್ತಿ ತೊಯ್ಯುವವರೆಗೂ ಅದಕ್ಕೆ ನೀರು ಬಿಟ್ಟುಕೊಡುವುದಿಲ್ಲ. ಯಾವ ಕುಂಡದಲ್ಲೇ ಆಗಲಿ, ನೀರು ಬಸಿದ ಮೇಲೂ ತಳದಲ್ಲಿ ಒಂದು ಪದರ ಒದ್ದೆಯಾಗಿಯೇ ಉಳಿಯುತ್ತದೆ. ಅದರ ಎತ್ತರ ಮಣ್ಣಿನ ಕಣ ಎಷ್ಟು ಸಣ್ಣದು ಎಂಬುದನ್ನು ಅವಲಂಬಿಸಿದೆ, ಕುಂಡ ಎಷ್ಟು ಆಳ ಎಂಬುದನ್ನಲ್ಲ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಮೇಲಕ್ಕೇರಿ ಬೇರಿಗೆ ಹತ್ತಿರವಾಗುತ್ತದೆ, ಅಷ್ಟೆ. ನಂಬಿಕೆ ಬಾರದವರು ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಲಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿದರೆ ಮತ್ತಷ್ಟು ನೀರು ಸುರಿಯುತ್ತದೆ. ಎತ್ತರ ಹೆಚ್ಚಿದಷ್ಟೂ ನೀರು ಹೆಚ್ಚು ಬಸಿಯುತ್ತದೆ, ಜಲ್ಲಿ ಮಣ್ಣಿನ ಆ ಎತ್ತರವನ್ನೇ ಕಡಿಮೆ ಮಾಡುತ್ತದೆ. ಬೀವರ್ಟನ್‌ನ ಅಡುಗೆಮನೆಯಲ್ಲಿ ಇದು ಆ ದಿನ ಮತ್ತೆ ಮತ್ತೆ ನಡೆಯಿತು, ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಸಲ ಮಾಡಿ ನೋಡಿದರು. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ತೋಟಗಾರಿಕಾ ವಿಜ್ಞಾನಿ ಲಿಂಡಾ ಚಾಕರ್ ಸ್ಕಾಟ್ ಈ ಜಲ್ಲಿ ನಂಬಿಕೆಯ ವಿರುದ್ಧ ಬರೆಯುತ್ತಲೇ ಬಂದಿದ್ದಾರೆ. ಆದರೂ ಅದು ಹೋಗಿಲ್ಲ.

ಕೆಸರಲ್ಲಿ ನಿಂತ ಬೇರಿಗೆ ಉಸಿರಿಲ್ಲ. ಸಮಯ ಕಾದಿದ್ದ, ಬೇರು ಕೊಳೆಸುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಒಳಹೊಗುತ್ತದೆ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಜೀವಿ, ಪ್ರಭೇದ ಬೇರೆ. ಹಿರಿಯಾಕೆಯ ಮೂಗು ಸುಮ್ಮನೆ ಚುರುಕಾಗಿರಲಿಲ್ಲ.

ಈ ಗಿಡದ ಪೂರ್ವಜರಿಗೆ ದೊಡ್ಡ ಚರಿತ್ರೆಯೇ ಇದೆ. ಎದೋ, ಅಂದರೆ ಇಂದಿನ ಟೋಕಿಯೊ ಬಳಿಯ ಸೊಮೆಯಿಯಲ್ಲಿ ಇತೊ ಇಹೇ ಮನೆತನದ ನರ್ಸರಿಯವರು 1710ರ ಹೊತ್ತಿಗೇ ಮೇಪಲ್ ತಳಿಗಳನ್ನು ಚಿತ್ರಸಮೇತ ಪಟ್ಟಿ ಮಾಡಿದ್ದರು. ಸ್ವೀಡನ್ನಿನ ವೈದ್ಯ ಥುನ್‌ಬೆರಿ 1784ರಲ್ಲಿ ಈ ಮರಕ್ಕೆ ಏಸರ್ ಪಾಮೇಟಮ್ ಎಂದು ಹೆಸರಿಟ್ಟ. ಒರೆಗಾನ್‌ನ ರೋಸ್‌ಬರ್ಗ್‌ನಲ್ಲಿದ್ದ ಕೀಟಶಾಸ್ತ್ರಜ್ಞ ಜೆ. ಡಿ. ವರ್ಟ್ರೀಸ್ 1978ರಲ್ಲಿ ಬರೆದ ಪುಸ್ತಕ ಇಂದಿಗೂ ಬೆಳೆಗಾರರ ಕೈಪಿಡಿ. ಈಗ ತಳಿಗಳು ಸಾವಿರ ದಾಟಿವೆ. ಅವುಗಳಲ್ಲಿ ನೀಲಿ ಎಲೆಯದು ಒಂದೂ ಇಲ್ಲ. ಆನ್‌ಲೈನ್‌ನಲ್ಲಿ ‘ನೀಲಿ ಮೇಪಲ್ ಬೀಜ’ಕ್ಕೆ ದುಡ್ಡು ಕೊಡುವ ಬೆಂಗಳೂರಿನ ಓದುಗರು ಇದನ್ನು ಗಮನಿಸಬೇಕು. ನಿಜವಾದ ಮೇಪಲ್‌ಗೂ ವರ್ಷಕ್ಕೊಮ್ಮೆ ಗಟ್ಟಿ ಚಳಿಯ ನಿದ್ದೆ ಬೇಕು, ಅದು ಬೆಂಗಳೂರಿನಲ್ಲಿ ಸಿಗುವುದಿಲ್ಲ.

ಮತ್ತೆ ಹಿತ್ತಿಲಿಗೆ. ಮೊದಲು ಉಗುರಿನಿಂದ ತೊಗಟೆ ಕೆರೆದು ನೋಡಿದರು. ಒಳಗೆ ಹಸಿರಿದ್ದರೆ ಜೀವವಿದೆ, ಕಂದಿದ್ದರೆ ಇಲ್ಲ. ಒಣ ರೆಂಬೆಯೊಂದನ್ನು ಅಡ್ಡ ಕೊಯ್ದು ಕಟ್ಟಿಗೆಯಲ್ಲಿ ಕಪ್ಪು ಹಸಿರು ಗೆರೆಗಳಿವೆಯೇ ಎಂದು ಹುಡುಕಿದರು. ಆ ಗೆರೆ ವರ್ಟಿಸಿಲಿಯಮ್ ಶಿಲೀಂಧ್ರದ ಗುರುತು, ಬಂದರೆ ಮದ್ದಿಲ್ಲ. ಗೆರೆ ಇರಲಿಲ್ಲ. ಪೈಪಿನ ನೀರಿನಿಂದ ಹಳೆಯ ಮಣ್ಣು ಬಿಡಿಸಿ, ಕೊಳೆತ ಬೇರನ್ನು ಗಟ್ಟಿ ಭಾಗ ಸಿಗುವವರೆಗೂ ಕತ್ತರಿಸಿದರು. ಕಾಂಡಕ್ಕೆ ಸುತ್ತಿಕೊಂಡಿದ್ದ ಬೇರನ್ನೂ ತೆಗೆದರು. ಆರೋಗ್ಯವಾಗಿದ್ದ ಬೇರಿಗೆ ಕತ್ತರಿ ಮುಟ್ಟಿಸಲಿಲ್ಲ, ಸೋತ ಗಿಡಕ್ಕೆ ಅದೊಂದೇ ಆಸರೆ.

ಹೊಸ ಕುಂಡ ಹಳೆಯದಕ್ಕಿಂತ ದೊಡ್ಡದಲ್ಲ. ಬೇರು ಕಡಿಮೆಯಾದ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿದರೆ ಮತ್ತೆ ನೀರು ನಿಲ್ಲುತ್ತದೆ. ತುಂಬಿದ್ದು ಡಗ್ಲಸ್ ಫರ್ ಮರದ ತೊಗಟೆಯ ಚೂರು ಮತ್ತು ಪ್ಯೂಮಿಸ್ ಕಲ್ಲು, ಒರೆಗಾನ್‌ನಲ್ಲಿ ಎರಡೂ ಸ್ಥಳೀಯ ಸರಕು. ಬೇರು ಕವಲೊಡೆಯುವ ಜಾಗ ಮೇಲೆ ಕಾಣುವಂತೆ ನೆಟ್ಟರು. ತಳಕ್ಕೆ ಜಲ್ಲಿ ಇಲ್ಲ. ಕುಂಡವನ್ನು ಎರಡು ಮರದ ಪಟ್ಟಿಗಳ ಮೇಲೆ ಎತ್ತಿಟ್ಟರು. ಜಾಗ ಪೂರ್ವದ ಗೋಡೆಯ ಬದಿ, ಬೆಳಗಿನ ಬಿಸಿಲಷ್ಟೇ ಬೀಳುವಲ್ಲಿ. ಆ ಋತುವಿಗೆ ಗೊಬ್ಬರ ಬಂದ್. ಬೆರಳು ಇಳಿಸಿ ನೋಡಿ, ಎರಡನೆಯ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು. ಚಳಿಗಾಲಕ್ಕೆ ಸೂರಿನಡಿ: ಕೊಂಬೆ ತಡೆಯುವ ಹಿಮವನ್ನು ಕುಂಡದ ಬೇರು ತಡೆಯದು, ಸುಮಾರು ಮೈನಸ್ 10 ಡಿಗ್ರಿ ಸೆಲ್ಸಿಯಸ್‌ಗೆ ಬೇರು ಸಾಯತೊಡಗುತ್ತದೆ.

ಏಪ್ರಿಲ್‌ನಲ್ಲಿ ಚಿಗುರು ತಡವಾಗಿ, ಸಣ್ಣದಾಗಿ ಬಂತು. ಜುಲೈನಲ್ಲಿ ಗೇಣುದ್ದದ ಹೊಸ ರೆಂಬೆಗಳು. ಎಲ್ಲಕ್ಕಿಂತ ಜೋರಾಗಿ ಬೆಳೆದದ್ದು ಬುಡದ ಪಕ್ಕದಲ್ಲಿ ಎದ್ದ ಒಂದು ಕುಡಿ, ಮನೆಯವರಿಗೆ ಅದರ ಮೇಲೆ ಬಲು ಪ್ರೀತಿ. ಹಿರಿಯಾಕೆ ಮಾತ್ರ ತೊಗಟೆ ನೋಡಿ ತಲೆ ಅಲ್ಲಾಡಿಸಿದರು. ಮೇಲಿನ ರೆಂಬೆಗಳಲ್ಲಿ ಹವಳದ ಛಾಯೆ, ಇದರಲ್ಲಿ ಬರೀ ಹಸಿರು. ಸಾಂಗೊ ಕಾಕುವನ್ನು ಮಾಮೂಲಿ ಹಸಿರು ಮೇಪಲ್‌ನ ಬೇರಿಗೆ ಕಸಿ ಕಟ್ಟಿರುತ್ತಾರೆ. ಕಸಿಗಂಟಿನ ಕೆಳಗಿಂದ ಎದ್ದ ಕುಡಿ ಆ ಬೇರಿನದು. ಬಿಟ್ಟರೆ ಕಸಿಯನ್ನೇ ನುಂಗುತ್ತದೆ. ಮಗ ಕತ್ತರಿ ತಂದು ಅದನ್ನು ಬುಡಕ್ಕೇ ಸವರಿದ.