ಆಸ್ಪತ್ರೆಗಳಿಗೆ ಔಷಧಿ ಹಾಗೂ ಉಪಕರಣಗಳ ದೇಣಿಗೆ: ಸೇವಾ ಸಂಸ್ಥೆಗಳ ಗಮನಕ್ಕೆ

ಅಭಿವೃದ್ಧಿಶೀಲ ರಾಷ್ಟ್ರಗಳ ಆಸ್ಪತ್ರೆಗಳಿಗೆ ಔಷಧಿ ಅಥವಾ ವೈದ್ಯಕೀಯ ಉಪಕರಣಗಳನ್ನು ದೇಣಿಗೆಯಾಗಿ ನೀಡಲಿಚ್ಛಿಸುವ ಸೇವಾ ಸಂಸ್ಥೆಗಳು, ರವಾನೆಗೆ ಮುನ್ನ ಸಂಬಂಧಪಟ್ಟ ಆಸ್ಪತ್ರೆಯ ಬೇಡಿಕೆ ಹಾಗೂ ಒಪ್ಪಿಗೆಯನ್ನು ಪಡೆಯುವುದು ಅವಶ್ಯಕ.

ಈ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 1996ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ, ತರುವಾಯ ಪರಿಷ್ಕರಿಸಿದೆ. ಅದರನ್ವಯ ಔಷಧಿಗಳು ತಲುಪುವ ದಿನಾಂಕಕ್ಕೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಬಳಕೆಯ ಅವಧಿ ಉಳಿದಿರತಕ್ಕದ್ದು. ರೋಗಿಗಳು ಹಿಂದಿರುಗಿಸಿದ ಮಾತ್ರೆಗಳನ್ನಾಗಲಿ, ವೈದ್ಯರಿಗೆ ದೊರೆತ ಉಚಿತ ಮಾದರಿಗಳನ್ನಾಗಲಿ ಕಳುಹಿಸತಕ್ಕದ್ದಲ್ಲ. ಲೇಬಲ್ ಮೇಲಿನ ವಿವರಗಳು ಅಲ್ಲಿನ ಸಿಬ್ಬಂದಿಗೆ ತಿಳಿಯುವ ಭಾಷೆಯಲ್ಲಿರಬೇಕು.

ಬೇಡಿಕೆಯಿಲ್ಲದ ದಾನವು ಸ್ವೀಕರಿಸುವವರಿಗೆ ಹೊರೆಯೇ ಸರಿ. 1992ರಿಂದ 1996ರವರೆಗೆ ಯುದ್ಧಪೀಡಿತ ಬೋಸ್ನಿಯಾ ಮತ್ತು ಹರ್ಜೆಗೋವಿನಾಕ್ಕೆ ಬಂದ ಔಷಧಿಗಳ ಪೈಕಿ ಸುಮಾರು 17,000 ಟನ್‌ನಷ್ಟು ನಿರುಪಯುಕ್ತವೆಂದು ಅಂದಾಜಿಸಲಾಯಿತು. ಉಚಿತವಾಗಿ ಬಂದುದನ್ನು ವಿಲೇವಾರಿ ಮಾಡಲು 3.4 ಕೋಟಿ ಡಾಲರ್ ಬೇಕಾಗುವುದೆಂದು ಲೆಕ್ಕಹಾಕಲಾಗಿತ್ತು.

ಉಪಕರಣಗಳೊಂದಿಗೆ ಬಿಡಿಭಾಗಗಳು ಹಾಗೂ ಬಳಕೆಯ ಕೈಪಿಡಿ ಇರತಕ್ಕದ್ದು. 120 ವೋಲ್ಟ್‌ಗೆ ಮಾತ್ರ ತಯಾರಾದ ಯಂತ್ರವನ್ನು 230 ವೋಲ್ಟ್ ಪೂರೈಕೆಯಿರುವ ಆಸ್ಪತ್ರೆಯಲ್ಲಿ ನೇರವಾಗಿ ಬಳಸಲಾಗದು.

ಸಾಗಾಣಿಕೆ, ದಾಸ್ತಾನು ಹಾಗೂ ಬಂದರಿನಿಂದ ಬಿಡಿಸಿಕೊಳ್ಳುವ ವೆಚ್ಚಗಳನ್ನು, ಮುಂಚಿತವಾಗಿ ಬೇರೆ ಒಪ್ಪಂದವಾಗಿರದ ಹೊರತು, ದಾನಿ ಸಂಸ್ಥೆಯೇ ಭರಿಸತಕ್ಕದ್ದು.