ಊರಿನ ಅಕ್ಷರಕ್ಕೆ ಮನೆಯೇ ಪಾಠಶಾಲೆ

ನರೋಡಾ: ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಗುಜರಾತಿನ ಹೊಟೇಲು, ಕಾರ್ಖಾನೆಗಳಲ್ಲಿ ಬದುಕು ಕಟ್ಟಿಕೊಂಡ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಇನ್ನೂ ಉಳಿದಿದೆ. ಆದರೆ ಊರಿನಿಂದ ಬಂದ ಮದುವೆಯ ಕರೆಯೋಲೆಯನ್ನು ಕೈಗಿತ್ತರೆ ಓದಲಾರದ ಮಕ್ಕಳು ಅನೇಕ.

ಇದಕ್ಕೆ ಶಾಲೆಯನ್ನು ದೂರಿ ಫಲವಿಲ್ಲ. 2023ರ ಕಾಯ್ದೆಯಂತೆ ಗುಜರಾತಿನ ಶಾಲೆಗಳಲ್ಲಿ 1ರಿಂದ 8ನೇ ತರಗತಿಯವರೆಗೆ ಗುಜರಾತಿ ಕಲಿಕೆ ಕಡ್ಡಾಯ. ಜೊತೆಗೆ ಇಂಗ್ಲಿಷ್, ಹಿಂದಿಯೂ ಇವೆ. ಕನ್ನಡದ ಅಕ್ಷರಕ್ಕೆ ಉಳಿದಿರುವ ಆಸರೆ ಮನೆ.

ಹಾಗೆಂದು ಗುಜರಾತಿ ಕಲಿಕೆ ಕನ್ನಡಕ್ಕೆ ಅಡ್ಡಿಯಲ್ಲ. ಎರಡೂ ಲಿಪಿಗಳ ಮೂಲ ಬ್ರಾಹ್ಮಿ. ಕ, ಖ, ಗ, ಘ ಎಂಬ ವರ್ಣಮಾಲೆಯ ಕ್ರಮವೂ ಒಂದೇ. ಶಾಲೆಯಲ್ಲಿ ಈ ಕ್ರಮ ಕಲಿತ ಮಗುವಿಗೆ ಮನೆಯಲ್ಲಿ ಮುಖ್ಯವಾಗಿ ಕಲಿಸಬೇಕಾದುದು ಅಕ್ಷರಗಳ ರೂಪ. ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದ ಗುಜರಾತಿ ಬರಹದಲ್ಲಿಲ್ಲ. ಆದ್ದರಿಂದ ಬೆರೆ-ಬೇರೆ, ಕೊಡು-ಕೋಡು ಮುಂತಾದ ಜೋಡಿಗಳನ್ನು ಆಟದಂತೆ ಹೇಳಿಸಿ, ಬರೆಸಬೇಕು.

ಇದಕ್ಕೆ ಪ್ರತ್ಯೇಕ ತರಗತಿ ಬೇಕಾಗಿಲ್ಲ. ಅಡುಗೆಮನೆಯ ಡಬ್ಬಗಳಿಗೆ ಅಕ್ಕಿ, ಬೇಳೆ, ಉಪ್ಪು ಎಂದು ಬರೆದ ಚೀಟಿ ಅಂಟಿಸಿ, ಅಮ್ಮ ಕೇಳಿದ್ದನ್ನು ಮಗು ಓದಿ ತರಲಿ. ದಿನಸಿ ಪಟ್ಟಿಯಲ್ಲಿ ಎರಡು ಹೆಸರನ್ನಾದರೂ ಅದೇ ಬರೆಯಲಿ. ಪತ್ರಿಕೆಯ ತಲೆಬರಹದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹುಡುಕಲಿ. ಮನೆಮಾತು ತುಳುವಾದರೆ ತುಳು ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆಸಬಹುದು. ಹೊಟೇಲು ಮುಚ್ಚಿ ತಡರಾತ್ರಿ ಮನೆ ಸೇರುವ ಅಪ್ಪನಿಗೆ ಮಗು ಒಂದು ಸಾಲು ಬರೆದಿಡಲಿ. ಬೆಳಗ್ಗೆ ಏಳುವಷ್ಟರಲ್ಲಿ ಅದಕ್ಕೆ ಅಪ್ಪನ ಉತ್ತರ ಕಾದಿರಲಿ.

ಹಾಡು ನೋಡುವ ಹೊತ್ತೂ ಪಾಠವಾಗಬಲ್ಲದು. ಹಾಡಿನ ಸಾಹಿತ್ಯವನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸಿ ಓದು ಬೆಳೆಸುವ ಕಲ್ಪನೆಯನ್ನು 1996ರಲ್ಲಿ ಮುಂದಿಟ್ಟವರು ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ. 1999ರಲ್ಲಿ ಗುಜರಾತಿ ಚಿತ್ರಗೀತೆಗಳ ದೂರದರ್ಶನ ಕಾರ್ಯಕ್ರಮದಲ್ಲಿ ಇದರ ಪ್ರಯೋಗ ನಡೆಯಿತು. ಬಾಯಿಪಾಠವಿರುವ ಹಾಡಿನ ಜೊತೆ ಕಣ್ಣು ತಾನಾಗಿ ಅಕ್ಷರದ ಮೇಲೆ ಸಾಗುತ್ತದೆ. ಕನ್ನಡ ಸಾಹಿತ್ಯ ಸಹಿತವಾದ ಹಾಡುಗಳು ಇಂದು ಮೊಬೈಲಿನಲ್ಲೇ ದೊರೆಯುತ್ತವೆ. ಮಲಗುವ ಮುನ್ನ ಓದಿ ಹೇಳಲು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಗುಜರಾತಿ ಎರಡರಲ್ಲೂ ಮಕ್ಕಳ ಕಥೆಗಳು ಉಚಿತವಾಗಿವೆ.

ಹೆತ್ತವರು ದಿನಕ್ಕೆ ಹತ್ತು ನಿಮಿಷ ಇದಕ್ಕಾಗಿ ಮೀಸಲಿಡಬೇಕು. ತಪ್ಪು ಬರೆದರೆ ಗದರದೆ, ಪಕ್ಕದಲ್ಲಿ ಸರಿಯಾದುದನ್ನು ಬರೆದು ತೋರಿಸಿದರೆ ಸಾಕು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನ ಫಲಕವನ್ನು ಮಗುವೇ ಓದಿ ಅಜ್ಜಿಗೆ ಹೇಳುವಂತಾಗಲಿ.